ಎರಡು ದ್ವೀಪಗಳ ಚಿತ್ರಗಾರ

ವಿಜಯಪುರವನ್ನು ಹಿಂದಿಕ್ಕಿ ಸಿಂದಗಿಯ ಹಾದಿ ಹಿಡಿದ ಪಯಣಿಗನ ಕಣ್ಣಿಗೆ ಬೀಳುವುದು ಎರೆಭೂಮಿಯ ನಿಸ್ಸೀಮವಾದ ವಿಸ್ತಾರವೊಂದೇ. ಆದುದರಿಂದಲೇ ಕುಮಟಗಿಯಲ್ಲಿಳಿದು, ಆದಿಲಶಾಹಿ ಸುಲ್ತಾನರು ಬೇಸಗೆಯ ವಿಹಾರಕ್ಕೆಂದು ಕಟ್ಟಿಸಿದ ಜಲಮಹಲು ಹೊಂಡದ ನಟ್ಟನಡುವೆ ದ್ವೀಪದಂತೆ ನಿಂತಿರುವುದನ್ನು ಕಂಡಾಗ, ಮಳೆಗೆ ಬಾಯಿಬಿಡುವ ಈ ನಾಡಿನ ಅರಸರಿಗೆ ಮುತ್ತುರತ್ನಗಳಿಗಿಂತ ನೀರೇ ಪರಮವೈಭವವಾಗಿದ್ದಿತೆಂಬುದು ಯಾರೂ ಹೇಳದೆಯೇ ಮನದಟ್ಟಾಗುತ್ತದೆ. ಕೆರೆಯ ನೀರನ್ನು ಎತ್ತರಕ್ಕೇರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಸಿ, ಮೇಲಿನಿಂದ ತುಂತುರಾಗಿ ಸುರಿಸುತ್ತಿದ್ದ ಆ ಕಾಲದ ಕುಶಲಿಗಳ ಜಾಣ್ಮೆ ಇಂದಿಗೂ ಬೆರಗು ಹುಟ್ಟಿಸತಕ್ಕದ್ದು.

ನನ್ನೊಡನೆ ಬಂದಿದ್ದ ಚಿತ್ರಗಾರ ಮಿತ್ರರಿಗೆ ಮಾತ್ರ ಕೊಳವೆಗಳ ಚಿಂತೆಯಿರಲಿಲ್ಲ. ಅವರ ದೃಷ್ಟಿಯೆಲ್ಲ ಅಲ್ಲಿನ ಭಿತ್ತಿಚಿತ್ರಗಳಲ್ಲಿ ನೆಟ್ಟಿತ್ತು. ಕುದುರೆಯೇರಿ ಚೆಂಡಾಟವಾಡುವ ಸವಾರರು, ಪಟ್ಟು ಹಾಕಿದ ಜಟ್ಟಿಗಳು, ಐರೋಪ್ಯ ವೇಷದ ಪರದೇಶಿಗಳು: 1916ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ವರ್ಣಿಸಿದ ಈ ಚಿತ್ರಗಳು ಇಂದು ಮಾಸಿ, ಮೊಳೆಯಿಂದ ತಮ್ಮ ಹೆಸರು ಕೊರೆದ ಮಹಾನುಭಾವರ ಅಕ್ಷರಗಳ ಕೆಳಗೆ ಅಡಗಿಹೋಗುತ್ತಿವೆ. ಮಿತ್ರರು ಅಳಿದುಳಿದ ರೇಖೆಗಳನ್ನು ಕಾಗದಕ್ಕಿಳಿಸಿದರು. ಬಳಿಕ ದಡದಲ್ಲಿ ಕುಳಿತು ಜಲಮಹಲನ್ನು ಜಲವರ್ಣದಲ್ಲಿ ಬರೆದರು. ಮಾರಾಟದಿಂದ ಬಂದುದರಲ್ಲಿ ಅರ್ಧವನ್ನು ಇಂತಹ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಒಪ್ಪಿಸಬೇಕೆಂಬುದು ಅವರ ಸಂಕಲ್ಪ. ಪ್ರಾಚೀನ ಸ್ಮಾರಕಕ್ಕೆ ಕಂಡಕಂಡವರು ಗಾರೆ ಮೆತ್ತುವಂತಿಲ್ಲವಷ್ಟೆ. ಆದರೆ 1996ರಲ್ಲಿ ಕೇಂದ್ರ ಸರ್ಕಾರವು ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ, ಇಂತಹ ಸ್ಮಾರಕಕ್ಕೆಂದು ಸೂಚಿಸಿ ಹಣ ಕೊಡಲು ಅವಕಾಶವುಂಟು.

ಸಿಂದಗಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಊಟ ಮುಗಿಸಿ, ಚಿತ್ರಗಳನ್ನು ಬಿಚ್ಚದೆಯೇ ಮುಂದೆ ಸಾಗಿದೆವು.

ಇಂಡಿಯ ಲಿಂಬೆತೋಟಗಳನ್ನು ದಾಟಿ ಸಾಲೋಟಗಿಗೆ ಬಂದಾಗ ನನಗೆ ಮಿತ್ರರ ಸಂಕಲ್ಪವು ಹೊಸದೇನೂ ಅಲ್ಲವೆನಿಸಿತು. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಅವನ ಮಂತ್ರಿ ನಾರಾಯಣನು ಇಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು; ದೇಶದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ವಸತಿಗಳಿದ್ದುವು. ದೀಪದ ವೆಚ್ಚಕ್ಕೂ ಪ್ರತ್ಯೇಕವಾಗಿ ಭೂಮಿ ಬಿಟ್ಟಿದ್ದರು. ಇದಕ್ಕಿಂತಲೂ ನನ್ನ ಮನಸ್ಸನ್ನು ಸೆರೆಹಿಡಿದುದು ಶಾಸನವು ಹೇಳುವ ಊರವರ ಕಾಣಿಕೆ: ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಅರಸನ ಭಂಡಾರವನ್ನೇ ನೆಚ್ಚಿ ಕೂರದೆ, ಪ್ರತಿಯೊಂದು ಮನೆಯ ಮಂಗಳಕಾರ್ಯದಿಂದಲೂ ಚೂರುಚೂರು ಎತ್ತಿ ವಿದ್ಯೆಯನ್ನು ಸಾಕಿದ ಆ ಏರ್ಪಾಡು ಇಂದಿನ ಅನೇಕ ಯೋಜನೆಗಳಿಗಿಂತ ವಿವೇಕಯುತವಾದುದೆಂದೇ ನನ್ನ ಅಭಿಪ್ರಾಯ.

ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿ ಕೂಡಲಸಂಗಮಕ್ಕೆ ಹೋದೆವು. ನಾರಾಯಣಪುರ ಜಲಾಶಯದ ಹಿನ್ನೀರು ಸಂಗಮವನ್ನು ಆವರಿಸಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಗೊಡದೆ ಸುತ್ತಲೂ ಬಾವಿಯಂತೆ ಗೋಡೆ ಎತ್ತಿರುವರು. ಸೇತುವೆಯ ಮೇಲೆ ನಡೆದು, ನೀರಿನ ಮಟ್ಟಕ್ಕಿಂತಲೂ ಕೆಳಗೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಕುಮಟಗಿಯ ದ್ವೀಪವು ಅರಸನ ವಿಲಾಸದಿಂದ ಹುಟ್ಟಿದುದಾದರೆ, ಇದು ಅಣೆಕಟ್ಟು ಮತ್ತು ಭಕ್ತಿಗಳ ನಡುವಣ ಒಪ್ಪಂದದಿಂದ ಹುಟ್ಟಿದುದು. ಮಿತ್ರರು ಇದನ್ನೂ ಬರೆದರು. ಬಣ್ಣ ಒಣಗುವ ಮೊದಲೇ ಯಾತ್ರಿಕರು ಬೆಲೆ ಕೇಳತೊಡಗಿದರು!

ಬಸವನ ಬಾಗೇವಾಡಿಗೆ ಬರುವಷ್ಟರಲ್ಲಿ ಸಂಗಮದ ಚಿತ್ರಗಳು ಬಹುಮಟ್ಟಿಗೆ ಖರ್ಚಾಗಿದ್ದುವು. ಕುಮಟಗಿಯವು ಸುರುಳಿಯಲ್ಲಿಯೇ ಇದ್ದುವು. ಗುಡಿಯ ಸಮೀಪದ ಅಂಗಡಿಕಾರರೊಬ್ಬರು ಕೊನೆಯ ಸಂಗಮವನ್ನು ಕೈಗೆತ್ತಿಕೊಂಡು, ಹಣ ಎಲ್ಲಿಗೆ ಹೋಗುವುದೆಂದು ತಿಳಿದೊಡನೆ ಹುಬ್ಬೇರಿಸಿದರು.

"ಬಸವಣ್ಣನ ಚಿತ್ರದ ರೊಕ್ಕ ಸುಲ್ತಾನನ ಮಹಲಿಗೆ ಯಾಕ್ರೀ ಸರ?"

"ಆ ಮಹಲಿಗೆ ಕಲ್ಲು ಹೊತ್ತವರು, ನೀರು ಸೇದಿದವರು ಯಾರ್ರಿ ಯಜಮಾನ್ರ? ಸುಲ್ತಾನ ಹೊತ್ತಾನೇನು? ನಮ್ಮ ನಿಮ್ಮ ಹಿರೇರs ಅಲ್ಲೇನ್ರಿ?"

ಅಂಗಡಿಕಾರರು ಕ್ಷಣಕಾಲ ಯೋಚಿಸಿದರು. ಇದೇ ಜಿಲ್ಲೆಯಲ್ಲಿ ವಚನಗಳ ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿಕೊಂಡ ಫ. ಗು. ಹಳಕಟ್ಟಿಯವರ ಹೆಸರನ್ನು ನಾನು ನಡುವೆ ತಂದೆ. "ಅವರ ಮಾತು ಬ್ಯಾರೆ ಬಿಡ್ರಿ" ಎಂದವರು, ಕುಮಟಗಿಯ ಸುರುಳಿಯನ್ನೂ ಬಿಚ್ಚಿಸಿ, ಕುದುರೆಯ ಸವಾರರನ್ನು ಬಹಳ ಹೊತ್ತು ನೋಡಿ, ಎರಡನ್ನೂ ಕೊಂಡರು. ಎರಡು ಕೊಂಡುದಕ್ಕಾಗಿ ನೂರು ರೂಪಾಯಿ ಕಡಿಮೆ ಮಾಡಿಸದೆ ಮಾತ್ರ ಬಿಡಲಿಲ್ಲ.