ಮೊಳಕೆ ಕಟ್ಟಿದ ಕಾಳಿನ ವಾಸನೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಆ ರೈತರು, ಮಗನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ 'ಯಾವುದೋ ಫುಡ್ ಕಂಪನಿ' ಎಂದು ಹೇಳಿ ಮಾತನ್ನು ಮಳೆಯ ಕಡೆಗೆ ತಿರುಗಿಸುತ್ತಿದ್ದರು. ಮಗ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿದವನು. ಹೊಸಕೋಟೆ ರಸ್ತೆಯ ಸಣ್ಣದೊಂದು ಬ್ರೂವರಿಯಲ್ಲಿ ಬಿಯರ್ ತಯಾರಿಸುವುದು ಅವನ ಕೆಲಸ. ಸಂಬಳಕ್ಕೇನೂ ಕೊರತೆಯಿಲ್ಲ. ಆದರೆ ಆ ಮನೆಯಲ್ಲಿ ಕುಡಿತದ ಮಾತು ಹಗುರವಾದದ್ದಲ್ಲ. ರೈತರ ತಂದೆ ಸಾರಾಯಿಗೆ ಎರಡು ಎಕರೆ ಹೊಲ ಕಳೆದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೊಲ ಮಾತ್ರ ಹಿಂದಕ್ಕೆ ಬರಲಿಲ್ಲ.

ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ. ಇಂದಿರಾನಗರದ ಟಾಯ್ಟ್‌ನಂಥ ಕಿರು ಬ್ರೂವರಿಗಳು ತಲೆಯೆತ್ತಿದ್ದು 2010ರಿಂದೀಚೆಗೆ. ಇಲ್ಲಿ ಒಂದು ಸಲಕ್ಕೆ ಕೆಲವು ನೂರು ಲೀಟರ್ ಮಾತ್ರ ತಯಾರಾಗುತ್ತದೆ. ಕೈಕೆಲಸ, ಮೂಗಿನ ಕೆಲಸ ಹೆಚ್ಚು.

ಒಂದು ದಿನ ಆಸ್ಪತ್ರೆಗೆಂದು ಹೊಸಕೋಟೆಗೆ ಬಂದಿದ್ದ ಅಪ್ಪ, ಅಜ್ಜಿ ಇಬ್ಬರನ್ನೂ ಮಗ ಒತ್ತಾಯ ಮಾಡಿ ಅಲ್ಲಿಗೆ ಕರೆದುಕೊಂಡು ಹೋದ. ಒಳಗೆ ಕಾಲಿಟ್ಟ ಅಜ್ಜಿ ಮೂಗರಳಿಸಿ ನಿಂತರು.

"ಇದೇನೋ ಮಗಾ, ರಾಗಿ ಮಾಲ್ಟ್ ಹುರಿದಂಗೆ ವಾಸ್ನೆ ಬತ್ತೈತೆ!"

ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಬ್ರೂವರಿಯಲ್ಲಿರುವುದು ಬಾರ್ಲಿ, ಅಜ್ಜಿಯ ಬಟ್ಟೆಗಂಟಿನಲ್ಲಿರುತ್ತಿದ್ದದ್ದು ರಾಗಿ, ಅಷ್ಟೇ ವ್ಯತ್ಯಾಸ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು ಅದರ ಕಸುಬು. ಮಗುವಿಗೆ ಕಾಯಿಸಿದ ಗಂಜಿ ಗಟ್ಟಿಯಾದಾಗ, ಅದು ಬಿಸಿಯಿರುವಾಗಲೇ ಒಂದು ಚಮಚ ಮೊಳಕೆ ರಾಗಿಹಿಟ್ಟು ಕಲಸಿದರೆ ಗಂಜಿ ತೆಳ್ಳಗಾಗುವುದು ಇದರಿಂದಲೇ. ನೀರು ಹೊಯ್ದು ತೆಳು ಮಾಡಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮಾಲ್ಟಿನಿಂದ ತೆಳುವಾದರೆ ಸತ್ವ ಅಷ್ಟೂ ಉಳಿಯುತ್ತದೆ. ಹಿಟ್ಟನ್ನು ಕಪ್ಪಾಗುವಂತೆ ಹುರಿದಿರಬಾರದು ಅಷ್ಟೆ. ಅತಿಯಾದ ಶಾಖಕ್ಕೆ ಕಿಣ್ವ ಕೆಟ್ಟುಹೋಗುತ್ತದೆ.

ಅಂದು ತಯಾರಾಗುತ್ತಿದ್ದದ್ದು ಆಂಬರ್ ಬಿಯರ್. ಬಣ್ಣ ಜೋನಿಬೆಲ್ಲದ್ದು, ಆದರೆ ಬೆಲ್ಲ ಹಾಕಿಲ್ಲ. ಮಾಮೂಲಿ ಮಾಲ್ಟಿನ ಜೊತೆಗೆ, ಹಸಿಯಾಗಿರುವಾಗಲೇ ಕಾಯಿಸಿ ಆಮೇಲೆ ಹುರಿದ ಮಾಲ್ಟನ್ನು ಸ್ವಲ್ಪ ಬೆರೆಸುತ್ತಾರೆ. ಸಕ್ಕರೆಯೂ ಅಮೈನೋ ಆಮ್ಲಗಳೂ ಶಾಖದಲ್ಲಿ ಕೂಡಿ ಕೆಂಪಗಾಗುವ ಈ ಕ್ರಿಯೆಯನ್ನು ಫ್ರಾನ್ಸಿನ ಮಯಾರ್ 1912ರಲ್ಲಿ ವಿವರಿಸಿದ. ಹೆಂಚಿನ ಮೇಲಿನ ರೊಟ್ಟಿ ಕೆಂಪಾಗುವುದೂ ಹೀಗೆಯೇ.

ನುಚ್ಚು ಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟಾಗಿತ್ತು. ಮಗ ಬಿಳಿ ಪಿಂಗಾಣಿಯ ಮೇಲೆ ಒಂದು ಹನಿ ತೆಗೆದು ಅಯೋಡಿನ್ ಬಿಟ್ಟ. ನೀಲಿ-ಕಪ್ಪಾಗಲಿಲ್ಲ, ಪಿಷ್ಟವೆಲ್ಲ ಕರಗಿತ್ತು. ಸರ್ಕಾರಿ ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಮಾಡಿದ್ದ ಪ್ರಯೋಗವನ್ನೇ ಸಂಬಳ ಪಡೆದು ಮಾಡುತ್ತಿದ್ದೇನೆ ಎಂದು ನಕ್ಕ. ಅಪ್ಪ ನಗಲಿಲ್ಲ. ಸೋಸಿದ ಸಿಹಿನೀರನ್ನು ಲೋಟದಲ್ಲಿ ಕೊಟ್ಟಾಗ ಮಾತ್ರ ಒಂದು ಗುಟುಕು ಕುಡಿದರು. ಅದರಲ್ಲಿನ್ನೂ ಮದ್ಯವಿಲ್ಲ.

"ಇನ್ನು ಮುಂದೆ?"

"ಹಾಪ್ಸ್ ಹಾಕಿ ಕುದಿಸ್ತೀವಿ. ಆರಿದ ಮೇಲೆ ಯೀಸ್ಟ್ ಬಿಡ್ತೀವಿ, ಅಪ್ಪಾ. ಅದು ಸಕ್ಕರೆ ತಿಂದು ಆಲ್ಕೋಹಾಲು, ಗ್ಯಾಸು ಮಾಡುತ್ತೆ. ಸಾಂದ್ರತೆ 1.050 ಇದ್ದದ್ದು 1.012ಕ್ಕೆ ಇಳಿದರೆ ಹತ್ತಿರಹತ್ತಿರ ಶೇಕಡ 5 ಆಯ್ತು ಅಂತ."

ಅಪ್ಪ ಲೋಟ ಕೆಳಗಿಟ್ಟರು. "ಇಲ್ಲೀಗಂಟ ಮಗೀನ ಊಟ. ಇಲ್ಲಿಂದಾಚೆ ನಮ್ಮಪ್ಪಂದು."

ಮಗನಿಗೆ ಉತ್ತರ ಹೊಳೆಯಲಿಲ್ಲ. ಎಂ.ಎಸ್ಸಿ.ಯ ಪಠ್ಯದಲ್ಲಿ ಪಾಶ್ಚರ್ ಇದ್ದ, ಜೀವಕೋಶವಿಲ್ಲದೆಯೂ ಹುದುಗು ಬರುತ್ತದೆಂದು 1897ರಲ್ಲಿ ತೋರಿಸಿ 1907ರ ನೊಬೆಲ್ ಪಡೆದ ಬುಕ್ನರ್ ಇದ್ದ. ಮಾರಿಹೋದ ಎರಡು ಎಕರೆ ಅದರಲ್ಲಿ ಇರಲಿಲ್ಲ. ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊರಡುವಾಗ ಅಜ್ಜಿಯ ಕಣ್ಣು ಸೋಸಿ ಉಳಿದ ನುಚ್ಚಿನ ಮೇಲೆ ಬಿತ್ತು. ಸಕ್ಕರೆ ಹೋದರೂ ಪ್ರೋಟೀನು, ನಾರು ಅದರಲ್ಲಿರುತ್ತದೆ. ಹಾಲು ಕರೆಯುವ ಹಸುವಿಗೆ ಒಳ್ಳೆಯ ಮೇವು. ಒದ್ದೆಯಿರುವುದರಿಂದ ಬೇಗ ಹಾಕಿಬಿಡಬೇಕು, ಹುಳಿಯಾದರೆ ಕೆಡುತ್ತದೆ. ಅಪ್ಪ ಬೇಡವೆನ್ನುವ ಮೊದಲೇ ಅಜ್ಜಿ ಎರಡು ಚೀಲ ಗಾಡಿಗೆ ಹಾಕಿಸಿದರು.

ರಾತ್ರಿ ಎಂಟರ ಸುಮಾರಿಗೆ ಅಪ್ಪನ ಫೋನು ಬಂತು. ಕೆಲಸದ ಮಾತೆತ್ತಲಿಲ್ಲ.

"ಕೆಂದಿ ಬಕೆಟ್ ನೆಕ್ಕಿ ಬಿಡ್ತು ಕಣೋ. ಮುಂದಿನ ಸಲ ಯಾವತ್ತು ಮಾಡ್ತೀರ?"