ಫ್ರೆಂಚ್ ಎಂ.ಎ. ಮತ್ತು ಗ್ರಂಥಸಂಪಾದನೆ

ಫ್ರೆಂಚ್ ಭಾಷೆ, ಸಾಹಿತ್ಯ, ಸಂಸ್ಕೃತಿಗಳಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದವರನ್ನು ನಮ್ಮಲ್ಲಿ ಅನುವಾದಕರೆಂದೋ ಭಾಷಾಶಿಕ್ಷಕರೆಂದೋ ಗುರುತಿಸುವುದು ರೂಢಿ. ಹಳಗನ್ನಡ ಓದಿಕೊಂಡು ಅಲ್ಲಿಗೆ ಹೋದ ನನಗೆ ಆ ಅಧ್ಯಯನದಿಂದ ದೊರೆತದ್ದು ಬೇರೆ. ಮೊಲಿಯೇರ್, ಫ್ಲೋಬೇರ್, ಪ್ರೂಸ್ತ್ ಮುಂತಾದವರನ್ನು ಓದಿದೆವು. ಒಂದು ಪುಟದಷ್ಟು ಭಾಗವನ್ನು ಎತ್ತಿಕೊಂಡು ಪದಪದವಾಗಿ ಬಿಡಿಸುವ ‘ಎಕ್ಸ್‌ಪ್ಲಿಕಾಸಿಯೋಂ ದ ತೆಕ್ಸ್ತ್’ ಎಂಬ ಅಭ್ಯಾಸವೂ ನಡೆಯಿತು. ಟೀಕಾಸಂಪ್ರದಾಯವನ್ನು ಬಲ್ಲವರಿಗೆ ಅದು ಅಪರಿಚಿತವೆನಿಸದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಾಚೀನ ಫ್ರೆಂಚಿನ ಪಾಠ.

ಹನ್ನೆರಡನೆಯ ಶತಮಾನದ ಫ್ರೆಂಚಿನಲ್ಲಿ ನಾಮಪದಕ್ಕೆ ಎರಡು ವಿಭಕ್ತಿಗಳಿದ್ದವು. ಗೋಡೆ ಎಂಬರ್ಥದ ಪದವು ಏಕವಚನದಲ್ಲಿ ಕರ್ತೃವಾದರೆ ‘ಮುರ್ಸ್’, ಕರ್ಮವಾದರೆ ‘ಮುರ್’, ಬಹುವಚನದಲ್ಲಿ ತಿರುಗುಮುರುಗು. ಸಹಪಾಠಿಗಳು ಇದಕ್ಕೆ ಅಂಜುತ್ತಿದ್ದರು; ಕೇಶಿರಾಜನ ಏಳು ವಿಭಕ್ತಿಗಳನ್ನು ದಾಟಿ ಬಂದವನಿಗೆ ಎರಡು ಹೊರೆಯಲ್ಲ. ತೊಡಕಿದ್ದದ್ದು ಹಸ್ತಪ್ರತಿಗಳಲ್ಲಿ. ಇಂಗ್ಲೆಂಡಿನಲ್ಲಿ ಬರೆದ ಪ್ರತಿಗಳಲ್ಲಿ ಈ ಭೇದ ಬೇಗನೆ ಕಲಸಿಹೋಗಿದೆ. ಸಂಪಾದಕನು ಕವಿಯ ಕಾಲದ ರೂಪವನ್ನು ಮರಳಿ ಕಟ್ಟಬೇಕೆ, ಲಿಪಿಕಾರ ಬರೆದದ್ದನ್ನೇ ಉಳಿಸಬೇಕೆ?

ಗಾಸ್ತೋಂ ಪಾರಿ ಅವರು 1872ರಲ್ಲಿ ಸಂತ ಅಲೆಕ್ಸಿಯ ಚರಿತೆಯನ್ನು ಸಂಪಾದಿಸಿದಾಗ ಮೊದಲ ದಾರಿ ಹಿಡಿದರು. ಜರ್ಮನಿಯ ಲಾಖ್ಮನ್‌ನ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದಂತೆ ಪ್ರತಿಗಳ ವಂಶವೃಕ್ಷ ರಚಿಸಿ, ಕಳೆದುಹೋದ ಮೂಲದ ಭಾಷೆಯನ್ನೇ ಪುನಾರಚಿಸಿದರು. ಅವರ ಶಿಷ್ಯ ಝೋಸೆಫ್ ಬೇದಿಯೆ 1890ರಲ್ಲಿ ಝಾಂ ರೆನಾರ್‌ನ ‘ಪ್ರತಿಬಿಂಬದ ಕಾವ್ಯ’ಕ್ಕೆ ಅದೇ ವಿಧಾನ ಅನ್ವಯಿಸಿದರು. (ನಲ್ಲೆ ಒಲ್ಲೆನೆಂದು ಮರಳಿಸಿದ ಉಂಗುರವನ್ನು, ಬಾವಿಯ ನೀರಿನಲ್ಲಿ ಕಂಡ ಅವಳ ಪ್ರತಿಬಿಂಬಕ್ಕೆ ಅರ್ಪಿಸುವ ವೀರನ ಕಥೆ ಅದು, ಕಾವ್ಯದ ಸೊಗಸು ಪಂಡಿತರ ಜಗಳದಲ್ಲಿ ಮರೆಯಾದದ್ದು ವಿಷಾದ.) ಗುರುಗಳು ವಿಮರ್ಶೆ ಬರೆದು ಬೇರೊಂದು ವೃಕ್ಷವನ್ನು ಸೂಚಿಸಿದರು. 1913ರಲ್ಲಿ ಆ ಕಾವ್ಯವನ್ನು ಮತ್ತೆ ಪ್ರಕಟಿಸುವಾಗ ಬೇದಿಯೆ ವೃಕ್ಷವನ್ನೇ ಕೈಬಿಟ್ಟು ಒಂದು ಪ್ರತಿಯನ್ನು ಆಧಾರವಾಗಿ ಆರಿಸಿಕೊಂಡರು.

ಕಾರಣವನ್ನು ಅವರು 1928ರಲ್ಲಿ ‘ರೊಮಾನಿಯಾ’ ಪತ್ರಿಕೆಯ ಲೇಖನದಲ್ಲಿ ವಿಸ್ತರಿಸಿದರು. ಸಂಪಾದಕರು ರಚಿಸಿದ ವೃಕ್ಷಗಳಲ್ಲಿ ಬಹುಪಾಲು ಎರಡೇ ಕೊಂಬೆಯವು. ಮೂರು ಕೊಂಬೆಗಳಿದ್ದರೆ ಎರಡರ ಸಾಕ್ಷ್ಯ ಒಂದನ್ನು ಮೀರುತ್ತದೆ. ಎರಡೇ ಇದ್ದು ಅವು ಭಿನ್ನಪಾಠ ನೀಡಿದರೆ ಆಯ್ಕೆ ಸಂಪಾದಕನ ಅಭಿರುಚಿಗೆ ಬಿಟ್ಟದ್ದು. ಶಾಸ್ತ್ರವೆಂದು ತೋರುವುದರ ಒಳಗೆ, ತಿಳಿದೋ ತಿಳಿಯದೆಯೋ, ಸ್ವಾತಂತ್ರ್ಯಕ್ಕೊಂದು ಕಿಂಡಿ ಉಳಿದಿತ್ತು.

ಇದನ್ನು ಓದುವಾಗ ನನ್ನ ಮುಂದೆ ಒಂದು ಚಂಪೂಕಾವ್ಯದ ಮೂರು ಓಲೆಪ್ರತಿಗಳ ಪಾಠಾಂತರಪಟ್ಟಿ ಇತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮೊದಲೇ ಓದಿದ್ದೆ. ಹಳಗನ್ನಡದ ಲಿಪಿಕಾರರು ೞಕಾರಕ್ಕೆ ಳಕಾರವನ್ನೂ ಱಕಾರಕ್ಕೆ ರಕಾರವನ್ನೂ ಬರೆದಿರುವುದು ಸಾಮಾನ್ಯ. ಸಂಪಾದಕರು ಮೂಲಾಕ್ಷರವನ್ನು ಮರಳಿಸುವುದೂ ಸಾಮಾನ್ಯ. ಪ್ರಾಸಸ್ಥಾನದಲ್ಲಿ ಅದಕ್ಕೆ ಕವಿಯದೇ ಸಾಕ್ಷ್ಯವಿದೆ. ‘ರೋಲಾನ್ ಗೀತೆ’ಯಲ್ಲಿ ಚರಣಾಂತ್ಯದ ಸ್ವರಸಾಮ್ಯ ಸಂಪಾದಕನಿಗೆ ಒದಗುವುದೂ ಹೀಗೆಯೇ. ಪ್ರಾಸದ ಹೊರಗಿನ ಅಕ್ಷರಗಳ ಪ್ರಶ್ನೆ ಬೇರೆ. ಅಲ್ಲಿ ತಿದ್ದಿದಷ್ಟೂ ಆ ಲಿಪಿಕಾರನ ಕಾಲದ ಕನ್ನಡದ ಉಚ್ಚಾರಣೆಗಿದ್ದ ಪುರಾವೆ ಅಳಿಯುತ್ತದೆ.

ಬೇದಿಯೆಯ ಸಂಶಯ ನನಗೆ ಪೂರ್ಣ ಒಪ್ಪಿಗೆ. ಪರಿಹಾರ ಅಷ್ಟಾಗಿ ಅಲ್ಲ. 1922ರಲ್ಲಿ ‘ರೋಲಾನ್ ಗೀತೆ’ಯನ್ನು ಪ್ರಕಟಿಸುವಾಗ ಅವರು ಆಕ್ಸ್‌ಫರ್ಡ್ ಪ್ರತಿಗೆ ತೋರಿದ ನಿಷ್ಠೆ ಕೆಲವೆಡೆ ವಕಾಲತ್ತಿನಂತೆ ಕಾಣುತ್ತದೆ. 1971ರಲ್ಲಿ ಇಟಲಿಯ ಚೇಸರೆ ಸೇಗ್ರೆ ಇತರ ಪ್ರತಿಗಳ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿದ್ದು ಅನಗತ್ಯವಾಗಿರಲಿಲ್ಲ. ಹಳೆಯದೆಂಬ ಕಾರಣಕ್ಕೆ ಒಂದು ಪ್ರತಿಯ ಸ್ಪಷ್ಟ ಸ್ಖಾಲಿತ್ಯವೂ ಪ್ರಮಾಣವಾಗಬಾರದು.

ನನ್ನ ಸಂಪಾದನೆಯಲ್ಲಿ ಒಂದು ಪ್ರತಿಯನ್ನು ಆಧಾರವಾಗಿಟ್ಟುಕೊಂಡು, ಪ್ರಾಸವೋ ಛಂದಸ್ಸೋ ಒತ್ತಾಯಿಸಿದ ಕಡೆ ಮಾತ್ರ ತಿದ್ದಿ, ತಿದ್ದಿದಲ್ಲೆಲ್ಲ ಗುರುತು ಹಾಕಿದ್ದೇನೆ. ಹಳಗನ್ನಡ ಕಲಿಸಿದ ಹಿರಿಯರೊಬ್ಬರಿಗೆ ಇದು ಒಪ್ಪಿಗೆಯಾಗಿಲ್ಲ. ವಿದ್ಯಾರ್ಥಿಯ ಕೈಗೆ ಶುದ್ಧಪಾಠವನ್ನೇ ಕೊಡಬೇಕು, ಲಿಪಿಕಾರನ ಚರಿತ್ರೆ ಅಡಿಟಿಪ್ಪಣಿಯಲ್ಲಿರಲಿ ಎಂಬುದು ಅವರ ಪಕ್ಷ. ತರಗತಿಯ ಮಟ್ಟಿಗೆ ಅವರ ಮಾತಿಗೆ ಬೆಲೆಯಿದೆಯೆಂದು ಒಪ್ಪುತ್ತೇನೆ. ಎರಡನೆಯ ಆಶ್ವಾಸದ ಪಾಠವನ್ನು ಎರಡೂ ಬಗೆಯಲ್ಲಿ ಸಿದ್ಧಪಡಿಸಿ ಅವರಿಗೆ ಕಳುಹಿಸಿದ್ದೇನೆ.