ಮಿಲ್ಲರ್ ಇಲ್ಲದ ಮಿಲ್ಲರ್ ಬ್ಯಾಂಡ್

ಅಮೆರಿಕದ ಅಯೋವಾ ರಾಜ್ಯದಲ್ಲಿ ಏಮ್ಸ್ ಅಂತ ಒಂದು ಊರು. ಅಲ್ಲಿ ಓದೋಕೆ ಹೋಗಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಕುಣಿತದ ಹುಚ್ಚು. ಮೊಣಕಾಲುದ್ದ ಹಿಮ ಬಿದ್ದಿರಲಿ, ಯಾವುದೋ ಊರಿನ ಬಾಲ್‌ರೂಮಿಗೆ ದೊಡ್ಡ ಬ್ಯಾಂಡ್ ಬರುತ್ತದೆ ಅಂತ ಕಿವಿಗೆ ಬಿದ್ದರೆ ಸಾಕು, ಅಟ್ಟದಿಂದ ಕುಣಿತದ ಷೂ ಕೆಳಗಿಳಿಯುತ್ತಿತ್ತು. ನೆಲದ ಮೇಲೆ ಜಾರಬೇಕಲ್ಲ, ಅದಕ್ಕೆ ತೆಳು ಚರ್ಮದ ಅಡಿ. ಹಿಮ ಕರಗಲಿ ಅಂತ ರಸ್ತೆಗೆ ಸುರಿದ ಉಪ್ಪು ತಾಗಿದರೆ ಚರ್ಮ ಕೆಡುತ್ತದೆ ಅಂತ ಅದನ್ನು ಬಟ್ಟೆಚೀಲದಲ್ಲಿ ಸುತ್ತಿ, ಬಾಲ್‌ರೂಮಿನ ಬಾಗಿಲ ತನಕ ರಬ್ಬರ್ ಬೂಟಿನಲ್ಲೇ ನಡೆಯೋರು.

ಅವರ ಕುಣಿತದ ಜೋಡಿ ಒಬ್ಬ ರೈತ. ಗೇಯ್ದು ಗೇಯ್ದು ಬೆನ್ನು ಬಾಗಿ, ಜಮೀನು ಮಕ್ಕಳಿಗೆ ಬಿಟ್ಟು ಊರೊಳಗೆ ಬಂದು ಕೂತಿದ್ದವರು. ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು.

ಗ್ಲೆನ್ ಮಿಲ್ಲರ್ ಬ್ಯಾಂಡ್ ಕ್ಲಿಯರ್ ಲೇಕ್ ಅನ್ನೋ ಊರಿಗೆ ಬರುತ್ತದೆ, ನೀನೂ ಹೊರಡು ಅಂತ ಒಡತಿಯಮ್ಮ ಅಪ್ಪಣೆ ಮಾಡಿಬಿಟ್ಟರು. ಜನವರಿಯೋ ಫೆಬ್ರವರಿಯೋ, ನೆನಪು ಮಸುಕು. ಹೊರಡೋ ಮೊದಲು ಊಟಕ್ಕೆ ಬೀನ್ಸಿನ ಚಿಲ್ಲಿ, ಅದರ ಪಕ್ಕಕ್ಕೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು. ಖಾರದ ಸಾರಿಗೆ ಸಿಹಿ ಬನ್ನು ಅದ್ದಿ ತಿನ್ನೋದು ಆ ಕಡೆಯವರ ರೂಢಿ. ಶಾಲೆಯ ಊಟದಲ್ಲೇ ಮಕ್ಕಳಿಗೆ ಅದರ ರುಚಿ ಹತ್ತಿರುತ್ತದಂತೆ. ನನಗೂ ಆಮೇಲೆ ಹತ್ತಿತು. ಈಗಲೂ ಮೋಡ ಕವಿದ ದಿನ ಬಾಯಿ ನೀರೂರುತ್ತದೆ.

ಕಾರಿನಲ್ಲಿ ಉತ್ತರಕ್ಕೆ ಒಂದೂವರೆ ತಾಸಿನ ದಾರಿ. ದಾರಿಯುದ್ದಕ್ಕೂ ಅಮ್ಮನ ಬಾಯಲ್ಲಿ ಒಂದೇ ಮಾತು: ಮಿಲ್ಲರ್ ನಮ್ಮ ಅಯೋವಾದವನು. ಹುಟ್ಟಿದ್ದು 1904ರಲ್ಲಿ ಕ್ಲಾರಿಂಡಾ ಅನ್ನೋ ಸಣ್ಣ ಊರಲ್ಲಿ, ಅದು ನಿಜವೇ. ಆದರೆ ಅವನು ಇನ್ನೂ ಚಿಕ್ಕವನಿದ್ದಾಗಲೇ ಮನೆಯವರು ನೆಬ್ರಾಸ್ಕಾಕ್ಕೆ ಹೋದರು, ಅಲ್ಲಿಂದ ಮಿಸೌರಿ, ಆಮೇಲೆ ಕೊಲರಾಡೊ. ಅದನ್ನೆಲ್ಲ ಅಮ್ಮ ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ರೈತರಿಗೆ ಹಿಡಿಸಿದ್ದು ಬೇರೆಯೇ ಸಂಗತಿ. ಹುಡುಗ ಮಿಲ್ಲರ್ ಹಸುಗಳ ಹಾಲು ಕರೆದು ಕೂಡಿಟ್ಟ ದುಡ್ಡಲ್ಲಿ ಮೊದಲ ಟ್ರಾಂಬೋನ್ ಕೊಂಡನಂತೆ. ಅದನ್ನು ಹೇಳುವಾಗ ಮಾತ್ರ ಅವರು ಹಲ್ಲುಕಡ್ಡಿ ತೆಗೆದು ಕೈಯಲ್ಲಿ ಹಿಡಿದರು.

ಕ್ಲಿಯರ್ ಲೇಕ್ ತಲುಪಿದಾಗ ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು. ಜನ ಮಂಜುಗಡ್ಡೆಯ ಮೇಲೆ ಪುಟ್ಟ ಗುಡಿಸಲು ನಿಲ್ಲಿಸಿ, ತೂತು ಕೊರೆದು, ಗಾಳ ಇಳಿಬಿಟ್ಟು ಕೂತಿದ್ದರು. ಎದುರಿಗೇ ಸರ್ಫ್ ಬಾಲ್‌ರೂಮ್. ಒಳಗೆ ಕಾಲಿಟ್ಟರೆ ಚಳಿಗಾಲವೇ ಇಲ್ಲ! ಗೋಡೆ ತುಂಬ ಕಡಲತೀರದ ಚಿತ್ರ, ತಾಳೆಮರ. ಮೇಲೆ ಛಾವಣಿಯಲ್ಲಿ ದೀಪದ ಬೆಳಕಿನಿಂದ ಮೂಡಿಸಿದ ಮೋಡಗಳು ಮೆಲ್ಲಗೆ ತೇಲುತ್ತಿವೆ. ಸಮುದ್ರದಿಂದ ಅಷ್ಟು ದೂರದ ಜೋಳದ ನಾಡಿನಲ್ಲಿ ಯಾರಿಗೆ ಹೊಳೆಯಿತೋ ಈ ಯೋಚನೆ. 1933ರಲ್ಲಿ ಕಟ್ಟಿದ ಮೊದಲ ಹಾಲ್ ಬೆಂಕಿಗೆ ಹೋಯಿತು. ಈಗಿರೋದು 1948ರದ್ದು. ಬಡ್ಡಿ ಹಾಲಿ ಅನ್ನೋ ರಾಕ್ ಗಾಯಕ ಕೊನೆಯ ಸಲ ಹಾಡಿದ್ದೂ ಇಲ್ಲೇ, 1959ರಲ್ಲಿ. ಹಾಡು ಮುಗಿಸಿ ಹತ್ತಿದ ವಿಮಾನ ಊರಾಚೆ ಹೊಲದಲ್ಲಿ ಬಿತ್ತು. ಜನ ದೂರದೂರದಿಂದ ಬರೋದು ಅವನಿಗಾಗಿ. ಅಮ್ಮ ಮಾತ್ರ ಅವನ ಪಟದ ಮುಂದೆ ನಿಲ್ಲದೆ ಸೀದಾ ನಡೆದು, ಬೂಟು ಬಿಚ್ಚಿದರು.

ಮಿಲ್ಲರ್ ಕಥೆಯೂ ವಿಮಾನದಲ್ಲೇ ಮುಗಿದದ್ದು. ಅವನ ಮೊದಲ ಬ್ಯಾಂಡ್ ಓಡಲಿಲ್ಲ, ಕೈ ಸುಟ್ಟುಕೊಂಡ. 1938ರಲ್ಲಿ ಮತ್ತೆ ಕಟ್ಟಿದ. ಬೇರೆ ಬ್ಯಾಂಡ್‌ಗಳಲ್ಲಿ ಸ್ಯಾಕ್ಸೊಫೋನ್ ಸಾಲಿಗೆ ಆಲ್ಟೊ ಮುಂದಾಳು. ಇವನು ಆ ಜಾಗದಲ್ಲಿ ಕ್ಲಾರಿನೆಟ್ ಕೂರಿಸಿದ. ಅದೇ ಎಳೆಯನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೊಫೋನ್ ಹಿಡಿಯಿತು, ಉಳಿದವು ನಡುವಿನ ಜಾಗ ತುಂಬಿದವು. 1939ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಹತ್ತಿರದ ಗ್ಲೆನ್ ಐಲ್ಯಾಂಡ್ ಕ್ಯಾಸಿನೊದಿಂದ ರೇಡಿಯೋದಲ್ಲಿ ಆ ನಾದ ಹೊರಟದ್ದೇ ತಡ, ದೇಶಕ್ಕೆ ದೇಶವೇ ಕುಣಿಯಿತು. ‘ಚಟ್ಟನೂಗಾ ಚೂ ಚೂ’ ಹನ್ನೆರಡು ಲಕ್ಷ ಗ್ರಾಮಫೋನ್ ತಟ್ಟೆ ಮಾರಾಟವಾದಾಗ ಕಂಪನಿಯವರು ತಟ್ಟೆಗೆ ಚಿನ್ನದ ಬಣ್ಣ ಹಚ್ಚಿ ಅವನ ಕೈಗಿಟ್ಟರು. ಅಷ್ಟು ನಡೆಯುತ್ತಿದ್ದ ಬ್ಯಾಂಡನ್ನು 1942ರಲ್ಲಿ ತಾನೇ ನಿಲ್ಲಿಸಿ ಸೈನ್ಯ ಸೇರಿದ, ಸೈನಿಕರಿಗಾಗಿ ಬ್ಯಾಂಡ್ ಕಟ್ಟಿದ. 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನ ಟ್ವಿನ್‌ವುಡ್ ಫಾರ್ಮ್‌ನಿಂದ ಪ್ಯಾರಿಸ್ಸಿಗೆ ಹೊರಟ ಸಣ್ಣ ವಿಮಾನ ಅವನ ಸಮೇತ ಕಾಣೆಯಾಯಿತು. ಇವತ್ತಿಗೂ ಸಿಕ್ಕಿಲ್ಲ. ಆಗ ಅವನಿಗೆ ನಲವತ್ತು.

ಆಮೇಲಿನದ್ದು ನನಗೆ ಹೆಚ್ಚು ಇಷ್ಟದ ಭಾಗ. ಕರಾವಳಿಯ ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರೂ, ವೇಷದವರು ಬದಲಾದರೂ ಮೇಳದ ಹೆಸರು ಅದೇ ಇರುತ್ತದಲ್ಲ, ಹಾಗೆಯೇ ಇದೂ ನಡೆಯಿತು. 1946ರಲ್ಲಿ ಮಿಲ್ಲರ್ ಮನೆಯವರ ಒಪ್ಪಿಗೆ ಪಡೆದು, ಅವನ ಬ್ಯಾಂಡಿನಲ್ಲೇ ಊದುತ್ತಿದ್ದ ಟೆಕ್ಸ್ ಬೆನೆಕಿ ಮತ್ತೆ ಬ್ಯಾಂಡ್ ಎಬ್ಬಿಸಿದ. ಕಾಲ ಒಳ್ಳೇದಿರಲಿಲ್ಲ. ಆ ವರ್ಷದ ಕೊನೆಗೆ ದೊಡ್ಡ ದೊಡ್ಡ ಬ್ಯಾಂಡ್‌ಗಳೇ ಒಂದರ ಹಿಂದೊಂದು ಮುಚ್ಚಿದವು. ಬೆನೆಕಿಗೆ ಹಳೇ ಧಾಟಿಗೆ ಕಟ್ಟುಬೀಳೋ ಮನಸ್ಸಿಲ್ಲ, ಮನೆಯವರಿಗೆ ಧಾಟಿ ಬಿಡೋ ಮನಸ್ಸಿಲ್ಲ. 1950ರ ಹೊತ್ತಿಗೆ ದಾರಿ ಬೇರೆಯಾಯಿತು. ನಡುವೆ 1954ರಲ್ಲಿ ಜೇಮ್ಸ್ ಸ್ಟೂವರ್ಟ್ ಮಿಲ್ಲರ್ ಪಾತ್ರ ಮಾಡಿದ ಸಿನಿಮಾ ಬಂತು, ಜನಕ್ಕೆ ಹಂಬಲ ಮರುಕಳಿಸಿತು. 1956ರಲ್ಲಿ ರೇ ಮೆಕಿನ್ಲಿ ಬ್ಯಾಂಡಿನ ಹೊಣೆ ಹೊತ್ತ. ಅವನು ಡ್ರಮ್ ಬಾರಿಸೋನು, ಸೈನ್ಯದ ಬ್ಯಾಂಡಿನಲ್ಲಿ ಮಿಲ್ಲರ್ ಜತೆಗಿದ್ದವನು. ಅಲ್ಲಿಂದ ಬಸ್ಸು ಹತ್ತಿದ ಬ್ಯಾಂಡ್ ಊರೂರು ತಿರುಗುತ್ತಲೇ ಇದೆ.

ಆ ರಾತ್ರಿ ವೇದಿಕೆ ಮೇಲೆ ಕೂತಿದ್ದವರಲ್ಲಿ ಮಿಲ್ಲರನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಾರರು. ಅರ್ಧಕ್ಕರ್ಧ ನನ್ನ ವಯಸ್ಸಿನ ಹುಡುಗರೇ. ಮುಂದೆ ಹರಡಿದ್ದ ಕಾಗದ ಮಾತ್ರ ಹಳೇದು. ಯಾವ ವಾದ್ಯ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು, ಎಲ್ಲ ಅದರಲ್ಲಿದೆ. ‘ಎ ಸ್ಟ್ರಿಂಗ್ ಆಫ್ ಪರ್ಲ್ಸ್’ ಬಂದಾಗ ಒಬ್ಬ ಎದ್ದು ಒಂಟಿಯಾಗಿ ಊದಿದ. 1941ರಲ್ಲಿ ಬಾಬಿ ಹ್ಯಾಕೆಟ್ ತನ್ನ ಮನೋಧರ್ಮದಿಂದ ಕಾರ್ನೆಟ್‌ನಲ್ಲಿ ಊದಿದ್ದನ್ನೇ ಸ್ವರಕ್ಕೆ ಸ್ವರ ಹಾಗೇ. ಜಾಜ್ ಬಲ್ಲವರು ಇದಕ್ಕೆ ಮೂಗು ಮುರಿಯುತ್ತಾರೆ. ನನಗೆ ಅದು ಸರಿ ಕಾಣೋದಿಲ್ಲ. ಕಣದಲ್ಲಿದ್ದವರ ಕಾಲು ಆ ಸ್ವರಗಳಿಗೇ ಕಾಯುತ್ತಿದ್ದವು, ಹೆಜ್ಜೆ ತಿರುಗಿಸಲು.

ಕೊನೆಕೊನೆಗೆ ‘ಇನ್ ದ ಮೂಡ್’. ಇದರ ಮುಗಿತಾಯದಲ್ಲಿ ಒಂದು ಆಟ ಇದೆ. ಅದೇ ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ, ಪ್ರತಿಸಲ ಇನ್ನಷ್ಟು ಮೆತ್ತಗೆ. ಮುಗಿಯಿತೇನೋ ಅನ್ನಬೇಕು, ಅಷ್ಟರಲ್ಲಿ ಇಡೀ ಬ್ಯಾಂಡ್ ಒಮ್ಮೆಲೇ ಸಿಡಿಯುತ್ತದೆ. ನಾನು ಗೋಡೆಬದಿಯಲ್ಲಿ ನಿಂತು ರೈತರನ್ನೇ ನೋಡುತ್ತಿದ್ದೆ. ಹಲ್ಲುಕಡ್ಡಿ ಅಂಗಿಜೇಬಿಗೆ ಹೋಗಿತ್ತು. ಸದ್ದು ಇಳಿದಂತೆ ಹೆಜ್ಜೆ ಕಿರಿದಾಗುತ್ತ ಕಡೆಗೆ ಹಿಮ್ಮಡಿ ಮಾತ್ರ ಅಲ್ಲಾಡುತ್ತಿತ್ತು. ಅಮ್ಮನ ಬೆನ್ನ ಮೇಲಿದ್ದ ಅವರ ಬಲಗೈ ಬೆರಳುಗಳು ತಾಳ ಎಣಿಸುತ್ತಿದ್ದವು. ಸಿಡಿಯುವ ಕ್ಷಣಕ್ಕೆ ಸರಿಯಾಗಿ ಒಂದು ತಿರುವು ಕೊಟ್ಟರು ನೋಡಿ, ಬಾಗಿದ ಬೆನ್ನು ನೆಟ್ಟಗಾಗಿತ್ತು.

ಕಾರು ಹತ್ತಿದ ಮೇಲೆ ಕೇಳಿದೆ, ಮಿಲ್ಲರ್ ಇದ್ದಾಗಲೂ ಹೀಗೇ ಇತ್ತಾ ಅಂತ. ಅಮ್ಮ ನಕ್ಕುಬಿಟ್ಟರು. ‘ನಾನೆಲ್ಲಿ ನೋಡಿದ್ದೆ ಮಿಲ್ಲರನ್ನ? ನನ್ನ ಹರೆಯದಲ್ಲಿ ನೋಡಿದ್ದು ಮೆಕಿನ್ಲಿ ಬ್ಯಾಂಡು. ಅದೇ ಅಸಲು.’ ಅಕ್ಕನ ನೀಲಿ ಲಂಗ ಎರವಲು ಉಟ್ಟು, ಅಪ್ಪನ ಟ್ರಕ್ಕಿನಲ್ಲಿ ಹೋಗಿದ್ದು, ಮೆಕಿನ್ಲಿ ಡ್ರಮ್ ಹಿಂದಿನಿಂದಲೇ ಹಾಡಿದ್ದು, ಒಂದೊಂದೇ ಬಿಚ್ಚಿದರು. ಹಿಂದಿನ ಸೀಟಿನಿಂದ ರೈತರು ಬಾಯಿಬಿಟ್ಟರು. ಮೆಕಿನ್ಲಿ ಅಲ್ಲ, ಅವನಾದ ಮೇಲೆ ಬಂದ ಬಡ್ಡಿ ಡಿಫ್ರಾಂಕೊ ಕಾಲದ್ದೇ ಒಳ್ಳೇ ಬ್ಯಾಂಡು, ಅಂಥ ಕ್ಲಾರಿನೆಟ್ ಕೈ ಇನ್ನೊಂದಿಲ್ಲ ಅಂದರು. ಅಮ್ಮ ಒಪ್ಪಲಿಲ್ಲ. ಹಿಮ ಬೀಳೋಕೆ ಶುರುವಾಗಿತ್ತು, ಕಾರು ಎತ್ತಿನಗಾಡಿ ವೇಗದಲ್ಲಿ ಹೋಗುತ್ತಿತ್ತು. ಏಮ್ಸ್ ಬರುವ ತನಕವೂ ಅವರಿಬ್ಬರ ಜಗಳ ಹರಿಯಲಿಲ್ಲ.